ಹದಿನಾರು ತೋಟಾಗಳ ಬಂದೂಕು

ಯಂತ್ರಗಳ ಚರಿತ್ರೆಯಲ್ಲಿ ಸಂಖ್ಯೆಗೆ ದೊಡ್ಡ ಮರ್ಯಾದೆ ಉಂಟು. ಒಂದು ಹಡಗು ಎಷ್ಟು ಫಿರಂಗಿಗಳನ್ನು ಹೊತ್ತಿತ್ತು, ಒಂದು ರೈಲುಬಂಡಿ ಗಂಟೆಗೆ ಎಷ್ಟು ಮೈಲಿ ಓಡಿತು, ಒಂದು ಬಂದೂಕು ನಿಮಿಷಕ್ಕೆ ಎಷ್ಟು ಗುಂಡುಗಳನ್ನು ಹಾರಿಸಿತು ಎಂಬ ಲೆಕ್ಕಗಳನ್ನು ಜನರು ಆಸಕ್ತಿಯಿಂದ ಕೇಳುತ್ತಾರೆ, ಬಹುಕಾಲ ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಆದರೆ ಆ ಯಂತ್ರವನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಪ್ರಾಣವನ್ನೇ ಇರಿಸಿದವನ ಲೆಕ್ಕ ಬೇರೆ. ಹೇಳಿದಷ್ಟು ಕೆಲಸವನ್ನು ಅದು ಕೊನೆಯವರೆಗೂ ನಡೆಸುವುದೇ, ಅಥವಾ ನಡುವೆ ಕೈಕೊಡುವುದೇ ಎಂಬುದೊಂದೇ ಅವನು ಕೇಳುವ ಪ್ರಶ್ನೆ. ಈ ಎರಡು ಲೆಕ್ಕಗಳಿಗೂ ಇರುವ ಅಂತರವನ್ನು ತೋರಿಸಿಕೊಡುವ ಒಂದು ಪ್ರಕರಣವನ್ನು ಇಂದು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೬೧ರಿಂದ ೧೮೬೫ರವರೆಗೆ ನಡೆದ ಅಂತರ್ಯುದ್ಧದ ಕಾಲದಲ್ಲಿ ಎರಡು ಬಗೆಯ ಬಂದೂಕುಗಳು ಹೆಸರಾದುವು. ಒಂದು ಹದಿನಾರು ತೋಟಾಗಳನ್ನು ಹಿಡಿಸುತ್ತಿದ್ದಿತು. ಇನ್ನೊಂದು ಏಳನ್ನು ಮಾತ್ರ. ಸರಕಾರವು ಲಕ್ಷಕ್ಕೆ ಸಮೀಪವಾಗಿ ಕೊಂಡದ್ದು ಏಳು ತೋಟಾಗಳದನ್ನೇ. ಇದಕ್ಕೆ ಕಾರಣವೇನೆಂಬುದೇ ನಮ್ಮ ವಿಚಾರ.

ಮೊದಲು ಹಳೆಯ ಪದ್ಧತಿಯನ್ನು ಸ್ವಲ್ಪ ಜ್ಞಾಪಿಸಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಸಿಪಾಯಿಯ ಬಂದೂಕನ್ನು ಸಾಮಾನ್ಯವಾಗಿ ಬಾಯಿಯ ಕಡೆಯಿಂದ ತುಂಬಬೇಕಾಗಿದ್ದಿತು. ಮದ್ದು ಮತ್ತು ಗುಂಡು ಎರಡೂ ಕಾಗದದ ಸುರುಳಿಯೊಂದರಲ್ಲಿರುತ್ತಿದ್ದುವು. ಸಿಪಾಯಿಯು ಅದನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಯೊಳಕ್ಕೆ ಸುರಿದು, ಗುಂಡನ್ನು ಗಜದಿಂದ ಜಡಿದು, ಹಿಂಬದಿಯ ಕಿರುಗೊಳವೆಗೆ ಕೇಪನ್ನು ತೊಡಿಸಿ, ಆಮೇಲೆ ಗುರಿ ಹಿಡಿಯುತ್ತಿದ್ದನು. ಚೆನ್ನಾಗಿ ಪಳಗಿದವನು ಕೂಡ ನಿಮಿಷಕ್ಕೆ ಮೂರು ಸಲ ಹಾರಿಸಿದರೆ ಅದೇ ಹೆಚ್ಚು. ಈ ಕಾಗದದ ತೋಟಾದ ಹೆಸರು ನಮ್ಮ ದೇಶದವರಿಗೆ ಹೊಸದಲ್ಲ. ಎನ್‌ಫೀಲ್ಡ್ ಬಂದೂಕಿನ ತೋಟಾಗೆ ಹಸುವಿನ ಮತ್ತು ಹಂದಿಯ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿಯು ಸಿಪಾಯಿಗಳಲ್ಲಿ ಹಬ್ಬಿದ್ದು ೧೮೫೭ರ ದಂಗೆಗೆ ಒಂದು ಕಾರಣವಾಯಿತೆಂಬುದನ್ನು ನಾವೆಲ್ಲರೂ ಓದಿದ್ದೇವೆ. ಕಾಗದದ ತೋಟಾವು ಇಲ್ಲಿ ಇಷ್ಟು ದೊಡ್ಡ ಅನರ್ಥಕ್ಕೆ ಗುರಿಯಾದ ಆ ವರ್ಷದಲ್ಲಿಯೇ ಅಮೆರಿಕದಲ್ಲಿ ಸ್ಮಿತ್ ಮತ್ತು ವೆಸ್ಸನ್ ಎಂಬಿಬ್ಬರು ಲೋಹದ ತೋಟಾ ಹಾಕುವ ಒಂದು ಸಣ್ಣ ಪಿಸ್ತೂಲನ್ನು ಮಾರಾಟಕ್ಕೆ ತಂದರು. ಬಂದೂಕಿನ ಚರಿತ್ರೆಯಲ್ಲಿ ಹೊಸ ಅಧ್ಯಾಯವು ಆರಂಭವಾದುದು ಅಲ್ಲಿಂದ.

ಈ ಲೋಹದ ತೋಟಾದ ಮೂಲವು ಫ್ರಾನ್ಸಿನದು. ೧೮೪೫ರ ಸುಮಾರಿಗೆ ಲೂಯಿ ನಿಕೋಲಾ ಫ್ಲೋಬೇರ್ ಎಂಬಾತನು, ಮನೆಯೊಳಗೆ ಗುರಿಯಾಟವಾಡುವವರಿಗಾಗಿ, ಕೇಪಿನ ಬಾಯಿಗೆ ಒಂದು ಚಿಕ್ಕ ಸೀಸದ ಗುಂಡನ್ನು ಕೂರಿಸಿ ಹಾರಿಸುವ ಉಪಾಯವನ್ನು ಕಂಡುಹಿಡಿದನು. ಸ್ಮಿತ್ ಮತ್ತು ವೆಸ್ಸನ್ನರು ಆ ಕೇಪನ್ನು ಕೊಂಚ ಉದ್ದ ಮಾಡಿ, ಒಳಗೆ ಮದ್ದನ್ನೂ ತುಂಬಿದರು. ಇದಕ್ಕೆ ಇಂಗ್ಲಿಷಿನಲ್ಲಿ ರಿಮ್‌ಫೈರ್ ಎಂದು ಹೆಸರು. ಅಂಚಿನಲ್ಲಿ ಕಿಡಿ ಹತ್ತುವ ತೋಟಾ ಎಂದು ಅರ್ಥ. ಇದರ ರಚನೆಯನ್ನು ತಿಳಿದುಕೊಳ್ಳದೆ ಮುಂದಿನ ಕಥೆಯು ತಿಳಿಯಲಾರದು. ತಾಮ್ರದ ಒಂದು ಚಿಕ್ಕ ಲೋಟವನ್ನು ಕಲ್ಪಿಸಿಕೊಳ್ಳಿ. ಅದರ ತಳವು ಮೈಗಿಂತ ಸ್ವಲ್ಪ ಅಗಲವಾಗಿ, ಸುತ್ತಲೂ ಅಂಚಾಗಿ ಹೊರಚಾಚಿದೆ. ಆ ಅಂಚು ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಪೆಟ್ಟು ಬಿದ್ದರೆ ಸಿಡಿಯುವ ರಸಾಯನವನ್ನು ತುಂಬಿ, ಅದರ ಮೇಲೆ ಕರಿಮದ್ದನ್ನು ಹಾಕಿ, ಬಾಯಿಯನ್ನು ಸೀಸದ ಗುಂಡಿನಿಂದ ಮುಚ್ಚಿದರೆ ತೋಟಾ ಸಿದ್ಧವಾಯಿತು. ಬಂದೂಕಿನ ಮೊಳೆಯು ಅಂಚನ್ನು ಜಜ್ಜಿದಾಗ ಒಳಗಿನ ರಸಾಯನವು ಸಿಡಿದು ಮದ್ದಿಗೆ ಬೆಂಕಿ ತಗಲುತ್ತದೆ.

ಇದರ ಗುಣಗಳು ದೊಡ್ಡವು. ಮದ್ದು, ಗುಂಡು, ಕೇಪು ಮೂರೂ ಒಂದೇ ವಸ್ತುವಾದುವು. ಮಳೆಗೆ ಮದ್ದು ನೆನೆಯುವ ಭಯವು ಬಹುಮಟ್ಟಿಗೆ ತಪ್ಪಿತು. ತಾಮ್ರದ ಮೈಯು ಬೆಂಕಿಯ ರಭಸಕ್ಕೆ ಹಿಗ್ಗಿ ನಳಿಗೆಯ ಹಿಂಭಾಗವನ್ನು ಮುಚ್ಚಿಬಿಡುವುದರಿಂದ ಹೊಗೆಯೂ ಉರಿಯೂ ಹಾರಿಸುವವನ ಮುಖಕ್ಕೆ ಬರುವುದು ನಿಂತಿತು. ದೋಷಗಳೂ ಸಣ್ಣವಲ್ಲ. ರಸಾಯನವು ಅಂಚಿನ ಸುತ್ತಲೂ ಸಮನಾಗಿ ಹರಡಿರಬೇಕು. ಎಲ್ಲಿಯಾದರೂ ಬರಿದಾದ ಒಂದು ತಾಣವಿದ್ದು ಮೊಳೆಯ ಪೆಟ್ಟು ಅಲ್ಲಿಯೇ ಬಿದ್ದರೆ ತೋಟಾ ಹಾರುವುದಿಲ್ಲ. ಅಂಚು ಪೆಟ್ಟಿಗೆ ಜಜ್ಜಿಹೋಗುವಷ್ಟು ತೆಳುವಾಗಿರಬೇಕಾದುದರಿಂದ ಬಲವಾದ ಮದ್ದನ್ನು ಹಾಕುವಂತಿಲ್ಲ. ಕಡೆಯದಾಗಿ, ಹೊರಚಾಚಿದ ಆ ಅಂಚು ಪಕ್ಕದ ತೋಟಾಗೂ ಬಂದೂಕಿನ ಒಳಗಿನ ಭಾಗಗಳಿಗೂ ಸಿಕ್ಕಿಕೊಳ್ಳಬಲ್ಲದು. ಈ ಮೂರು ದೋಷಗಳೂ ಒಂದು ತೋಟಾದ ಬಂದೂಕಿನಲ್ಲಿ ಹೆಚ್ಚು ತೊಂದರೆ ಕೊಡವು. ಅನೇಕ ತೋಟಾಗಳನ್ನು ಸಾಲಾಗಿ ತುಂಬಿಟ್ಟು, ಒಂದಾದ ಮೇಲೊಂದರಂತೆ ಬಂದೂಕೇ ಅವನ್ನು ಎಳೆದುಕೊಳ್ಳುವಂತೆ ಮಾಡಹೊರಟಾಗ ಅವು ತಲೆಯೆತ್ತುತ್ತವೆ. ಹಾಗೆ ತೋಟಾಗಳನ್ನು ಶೇಖರಿಸಿಡುವ ಕೋಶಕ್ಕೆ ಮ್ಯಾಗಜೀನು ಎಂದು ಹೆಸರು.

ಮ್ಯಾಗಜೀನಿನ ಬಂದೂಕಿಗೆ ಮೊದಲು ಪ್ರಯತ್ನಪಟ್ಟವರಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬುವನು ಒಬ್ಬನು. ೧೮೪೮ರಲ್ಲಿ ಈತನು ಗುಂಡಿನ ಹಿಂಭಾಗವನ್ನೇ ಟೊಳ್ಳು ಮಾಡಿ ಅದರಲ್ಲಿ ಮದ್ದು ತುಂಬುವ ಕ್ರಮಕ್ಕೆ ಹಕ್ಕುಪತ್ರ ಪಡೆದನು. ಮರುವರ್ಷ ನಳಿಗೆಯ ಅಡಿಯಲ್ಲಿ ಕೊಳವೆಯುಳ್ಳ ಬಂದೂಕಿಗೂ ಪಡೆದನು. ಅದನ್ನು ಲೂಯಿಸ್ ಜೆನ್ನಿಂಗ್ಸ್ ಎಂಬುವನು ಸರಳಗೊಳಿಸಿದನು. ಆ ಮೇಲೆ ಅದು ಸ್ಮಿತ್ ಮತ್ತು ವೆಸ್ಸನ್ನರ ಕೈಗೆ ಬಂದು, ೧೮೫೫ರಲ್ಲಿ ವಾಲ್ಕ್ಯಾನಿಕ್ ಎಂಬ ಹೆಸರಿನ ಕಂಪೆನಿಗೆ ಸೇರಿತು. ಗುಂಡಿನ ಟೊಳ್ಳಿನಲ್ಲಿ ಹಿಡಿಸುವ ಮದ್ದು ಬಹು ಕಡಮೆಯಾದುದರಿಂದ ಆ ಬಂದೂಕುಗಳಿಗೆ ಬಲವಿರಲಿಲ್ಲ, ಕಂಪೆನಿಯು ದಿವಾಳಿಯಾಯಿತು. ಅದರಲ್ಲಿ ಹಣ ತೊಡಗಿಸಿದ್ದವರಲ್ಲಿ ಆಲಿವರ್ ವಿಂಚೆಸ್ಟರ್ ಎಂಬ ವರ್ತಕನೊಬ್ಬನಿದ್ದನು. ಕನೆಟಿಕಟ್ ಸಂಸ್ಥಾನದ ನ್ಯೂ ಹೇವನ್ ಪಟ್ಟಣದಲ್ಲಿ ಷರ್ಟುಗಳನ್ನು ಹೊಲಿಸಿ ಮಾರುವುದು ಅವನ ಉದ್ಯೋಗ. ಬಂದೂಕಿನ ಕೆಲಸದಲ್ಲಿ ಅವನಿಗೆ ಅನುಭವವಿರಲಿಲ್ಲ. ಆದರೆ ಯೋಗ್ಯರನ್ನು ಗುರುತಿಸುವ ಶಕ್ತಿಯಿದ್ದಿತು. ೧೮೫೭ರಲ್ಲಿ ಅವನು ಆ ಕಾರಖಾನೆಯನ್ನು ನ್ಯೂ ಹೇವನ್ ಆರ್ಮ್ಸ್ ಕಂಪೆನಿಯೆಂಬ ಹೊಸ ಹೆಸರಿನಿಂದ ನಡೆಸತೊಡಗಿ, ಬೆಂಜಮಿನ್ ಟೈಲರ್ ಹೆನ್ರಿ ಎಂಬ ಮೇಸ್ತ್ರಿಯ ವಶಕ್ಕೆ ಕೆಲಸವನ್ನು ಒಪ್ಪಿಸಿದನು.

ಟೊಳ್ಳುಗುಂಡನ್ನು ಬಿಟ್ಟು ಅಂಚಿನ ತೋಟಾವನ್ನು ಹಿಡಿದುದೇ ಹೆನ್ರಿಯು ಮಾಡಿದ ಮುಖ್ಯ ಕೆಲಸ. ಅಂಗುಲದ ನೂರರಲ್ಲಿ ೪೪ ಭಾಗದ ಪ್ರಮಾಣದ, ೨೧೬ ಗ್ರೇನ್ ತೂಕದ ಸೀಸದ ಗುಂಡುಳ್ಳ ತೋಟಾವನ್ನು ಸಿದ್ಧಪಡಿಸಿ, ಅದಕ್ಕೆ ಹೊಂದುವ ಬಂದೂಕಿಗೆ ೧೮೬೦ರ ಅಕ್ಟೋಬರ್ ೧೬ರಂದು ಹಕ್ಕುಪತ್ರ ಪಡೆದನು. ನಳಿಗೆಯ ಅಡಿಯಲ್ಲಿ, ನಳಿಗೆಯಷ್ಟೇ ಉದ್ದವಾಗಿ, ಒಂದು ಕೊಳವೆ; ಅದರಲ್ಲಿ ಒಂದರ ಹಿಂದೆ ಒಂದರಂತೆ ೧೬ ತೋಟಾಗಳು. ಮುಂದಿನಿಂದ ಒಂದು ಸುರುಳಿ ಕಮಾನು ಹಿತ್ತಾಳೆಯ ಬಿಲ್ಲೆಯೊಂದನ್ನು ಒತ್ತಿ, ತೋಟಾಗಳ ಸಾಲನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ಬೆರಳುಗಳನ್ನು ತೂರಿಸಿದ ಸನ್ನೆಯನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆದರೆ ಸಾಕು. ಹಾರಿದ ತೋಟಾದ ಕವಚವು ಹೊರಕ್ಕೆ ಬಿದ್ದು, ಹೊಸದು ಮೇಲೇರಿ ನಳಿಗೆಯನ್ನು ಸೇರಿ, ಕುದುರೆಯೂ ಹಿಂದಕ್ಕೆ ನಿಲ್ಲುತ್ತಿದ್ದಿತು. ಅಂಚಿನಲ್ಲಿ ಬರಿದಾದ ತಾಣವಿರಬಹುದೆಂಬ ಭಯಕ್ಕೂ ಹೆನ್ರಿಯು ಪರಿಹಾರ ಮಾಡಿದ್ದನು. ಅವನ ಬಂದೂಕಿನ ಮೊಳೆಗೆ ಎರಡು ಮೂತಿಗಳಿದ್ದುವು. ಅವು ಅಂಚನ್ನು ಎದುರುಬದುರಾದ ಎರಡು ಕಡೆಗಳಲ್ಲಿ ಏಕಕಾಲದಲ್ಲಿ ಬಡಿಯುತ್ತಿದ್ದುವು. ಒಂದು ಕಡೆ ಕಿಡಿ ಹತ್ತದಿದ್ದರೆ ಇನ್ನೊಂದು ಕಡೆ ಹತ್ತುವುದೆಂದು ಅವನ ಎಣಿಕೆ. ಅಂಚಿನ ತೋಟಾಗಳನ್ನು ಕೊಳವೆಯಲ್ಲಿ ಸಾಲಾಗಿಡುವುದರಲ್ಲಿ ಇನ್ನೊಂದು ಅನುಕೂಲವೂ ಇದ್ದಿತು. ಮುಂದಿನ ತೋಟಾದ ತಲೆಯ ನಡುವೆ ಸಿಡಿಯುವ ವಸ್ತುವು ಇಲ್ಲದಿರುವುದರಿಂದ, ಹಿಂದಿನ ತೋಟಾದ ಗುಂಡಿನ ತುದಿಯು ಅದಕ್ಕೆ ತಗಲಿದರೂ ಅಪಾಯ ಕಡಮೆ.

ಸಾಮರ್ಥ್ಯದ ವಿಷಯದಲ್ಲಿ ಇದಕ್ಕೆ ಸಾಟಿಯಿರಲಿಲ್ಲ. ೧೮೬೨ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ನೌಕಾಂಗಣದಲ್ಲಿ ಇದನ್ನು ಪರೀಕ್ಷಿಸಿದಾಗ ೧೮೭ ಗುಂಡುಗಳು ೩ ನಿಮಿಷ ೩೬ ಸೆಕೆಂಡುಗಳಲ್ಲಿ ಹಾರಿದುವು. ಒಮ್ಮೆ ೧೫ ತೋಟಾಗಳು ೧೧ ಸೆಕೆಂಡುಗಳೊಳಗೆ ಮುಗಿದುವು. ಆದರೆ ಈ ಲೆಕ್ಕದ ಜೊತೆಗೆ ಒಂದು ಮಾತು ಸೇರಿದೆ: ತೋಟಾಗಳನ್ನು ಮತ್ತೆ ತುಂಬಲು ಹಿಡಿದ ಹೊತ್ತು ಇದರಲ್ಲಿ ಸೇರಿಲ್ಲ. ಹೆನ್ರಿಯ ಬಂದೂಕಿನ ಗುಣದೋಷಗಳನ್ನು ತೂಗುವವರು ಈ ಮಾತನ್ನು ಮರೆಯಬಾರದು.

ಏಕೆಂದರೆ, ಆ ಹದಿನಾರನ್ನು ಹಿಡಿಸುವುದಕ್ಕೆ ಹೆನ್ರಿಯು ಬೆಲೆಯನ್ನು ಕೊಟ್ಟಿದ್ದನು. ಕೊಳವೆಯ ಅಡಿಯಲ್ಲಿ ಉದ್ದಕ್ಕೂ ಒಂದು ಸೀಳಿದ್ದಿತು. ತಳ್ಳುವ ಬಿಲ್ಲೆಯ ಕಿವಿಯೊಂದು ಆ ಸೀಳಿನಿಂದ ಹೊರಕ್ಕೆ ಚಾಚಿಕೊಂಡಿದ್ದು, ತುಂಬುವಾಗ ಅದನ್ನು ಹಿಡಿದು ಬಿಲ್ಲೆಯನ್ನು ಬಾಯಿಯವರೆಗೆ ಮುಂದಕ್ಕೆ ಸರಿಸಿ, ಕೊಳವೆಯ ಮುಂತುದಿಯನ್ನು ಪಕ್ಕಕ್ಕೆ ತಿರುಗಿಸಿ, ಬಂದೂಕನ್ನು ನೆಟ್ಟಗೆ ನಿಲ್ಲಿಸಿಕೊಂಡು ತೋಟಾಗಳನ್ನು ಒಂದೊಂದಾಗಿ ಇಳಿಬಿಡಬೇಕಾಗಿದ್ದಿತು. ನಿಂತು ಮಾಡಬೇಕಾದ ಕೆಲಸವಿದು. ಶತ್ರುವಿನ ಗುಂಡುಗಳು ತಲೆಯ ಮೇಲೆ ಹಾಯುತ್ತಿರುವಾಗ ಮಲಗಿಕೊಂಡವನಿಗೆ ಸುಲಭವಲ್ಲ. ಆ ಸೀಳಿನಿಂದ ಕೆಸರು, ಮರಳು, ಕಸ ಎಲ್ಲವೂ ಒಳಕ್ಕೆ ಹೋಗಬಹುದು. ಕೊಳವೆಗೆ ಎಲ್ಲಿಯಾದರೂ ಪೆಟ್ಟು ಬಿದ್ದು ತಗ್ಗಾದರೆ ಬಿಲ್ಲೆಯು ಅಲ್ಲಿಗೇ ನಿಲ್ಲುತ್ತದೆ. ನಳಿಗೆಯ ಕೆಳಗೆ ಮರದ ಹಿಡಿಯಿಲ್ಲದುದರಿಂದ, ಒಂದೇ ಸಮನೆ ಹಾರಿಸಿ ಕಾದ ಲೋಹವನ್ನು ಎಡಗೈಯಿಂದಲೇ ಹಿಡಿಯಬೇಕು. ಎಲ್ಲಕ್ಕಿಂತ ವಿಚಿತ್ರವಾದುದೆಂದರೆ, ತೋಟಾಗಳು ಮುಗಿಯುತ್ತ ಬಂದಂತೆ ಬಿಲ್ಲೆಯ ಕಿವಿಯು ಹಿಂದಕ್ಕೆ ಸರಿದು ಬಂದು ಹಾರಿಸುವವನ ಎಡಗೈಗೆ ತಡೆಯುವುದು. ಅವನು ಕೈಯನ್ನು ಎತ್ತಿ ದಾರಿ ಬಿಡದಿದ್ದರೆ ಉಳಿದ ತೋಟಾಗಳು ಹಿಂದಕ್ಕೆ ಬಾರವು. ಬಂದೂಕು ತುಂಬಿದೆಯೆಂದೇ ನಂಬಿ ಸನ್ನೆಯನ್ನು ಎಳೆದವನಿಗೆ ಬರಿದಾದ ನಳಿಗೆಯು ದೊರೆಯುತ್ತಿದ್ದಿತು.

ಕಮಾನಿನ ಸ್ವಭಾವವನ್ನೂ ಇಲ್ಲಿಯೇ ಹೇಳಬೇಕು. ಮ್ಯಾಗಜೀನು ತುಂಬಿರುವಾಗ ಕಮಾನು ಪೂರಾ ಕುಗ್ಗಿರುವುದರಿಂದ ಅದರ ಒತ್ತಡವು ಅತ್ಯಧಿಕ. ಕಡೆಯ ತೋಟಾ ಉಳಿದಿರುವಾಗ ಅತ್ಯಲ್ಪ. ಬಲವಾದ ಕಮಾನನ್ನು ಹಾಕಿದರೆ ತುಂಬುವುದು ಕಷ್ಟ, ಮೆತುವಾದ ಸೀಸವೂ ತಾಮ್ರವೂ ನಲುಗುತ್ತವೆ; ದುರ್ಬಲವಾದುದನ್ನು ಹಾಕಿದರೆ ಕಡೆಯ ತೋಟಾಗಳು ಸಕಾಲಕ್ಕೆ ಬಂದು ಮುಟ್ಟುವುದಿಲ್ಲ. ಕೊಳವೆಯು ಉದ್ದವಾದಷ್ಟೂ ಈ ಎರಡು ಕೊನೆಗಳ ಅಂತರವು ಹೆಚ್ಚುತ್ತದೆ. ಸಂಖ್ಯೆಯನ್ನು ಹೆಚ್ಚಿಸುವವನಿಗೆ ಎದುರಾಗುವ ಮೊದಲನೆಯ ವೈರಿಯು ಇದೇ.

ಇನ್ನು ಏಳು ತೋಟಾಗಳ ಬಂದೂಕು. ಇದನ್ನು ರಚಿಸಿದ ಕ್ರಿಸ್ಟೋಫರ್ ಸ್ಪೆನ್ಸರ್ ಕನೆಟಿಕಟ್ಟಿನವನೇ; ಚೆನಿ ಸಹೋದರರೆಂಬುವರ ರೇಷ್ಮೆಯ ಗಿರಣಿಯಲ್ಲಿ ಯಂತ್ರಗಳ ಕೆಲಸದಲ್ಲಿದ್ದವನು. ಹೆನ್ರಿಗಿಂತ ಏಳು ತಿಂಗಳು ಮುಂಚಿತವಾಗಿ, ೧೮೬೦ರ ಮಾರ್ಚ್ ೬ರಂದು, ಇವನಿಗೆ ಹಕ್ಕುಪತ್ರ ದೊರೆಯಿತು. ಸ್ಪೆನ್ಸರನು ಮ್ಯಾಗಜೀನನ್ನು ಹೆಗಲಿಗೆ ಊರುವ ಮರದ ಹಿಡಿಯೊಳಗೆ ಇಟ್ಟನು. ಲೋಹದ ಕೊಳವೆಯು ಮರದ ಒಳಗಿರುವುದರಿಂದ ಅದಕ್ಕೆ ಪೆಟ್ಟು ತಗಲುವ ಸಂಭವವಿಲ್ಲ. ಸೀಳಿಲ್ಲದುದರಿಂದ ಮಣ್ಣು ಹೋಗುವ ದಾರಿಯೂ ಇಲ್ಲ. ತೋಟಾಗಳು ಹೆನ್ರಿಯವಕ್ಕಿಂತ ದಪ್ಪ, ಮದ್ದೂ ಹೆಚ್ಚು. ಆದುದರಿಂದ ಏಳಕ್ಕಿಂತ ಹೆಚ್ಚು ಹಿಡಿಸುವಂತಿರಲಿಲ್ಲ. ಸನ್ನೆಯನ್ನು ಆಡಿಸಿದ ಮೇಲೆ ಕುದುರೆಯನ್ನು ಹೆಬ್ಬೆರಳಿನಿಂದ ಬೇರೆಯಾಗಿ ಎಳೆಯಬೇಕಾಗಿದ್ದುದರಿಂದ ವೇಗವೂ ಕಡಮೆ. ಕಾಗದದ ಮೇಲೆ ಹೋಲಿಸಿ ನೋಡಿದವರು ಹೆನ್ರಿಯದಕ್ಕೇ ಮೊದಲ ಸ್ಥಾನವನ್ನು ಕೊಡುವರು.

ಆದರೆ ಸ್ಪೆನ್ಸರನ ಬಂದೂಕಿನ ಪರೀಕ್ಷೆಗಳು ಬೇರೊಂದು ರೀತಿಯಲ್ಲಿ ನಡೆದುವು. ೧೮೬೧ರ ಜೂನಿನಲ್ಲಿ ನೌಕಾಬಲದ ಅಧಿಕಾರಿ ಜಾನ್ ಡಾಲ್‌ಗ್ರೆನ್ ಅದನ್ನು ೫೦೦ ಸಲ ಹಾರಿಸಿ ನೋಡಿದನು. ತಪ್ಪಿದ್ದು ಒಂದೇ ಒಂದು ಸಲ. ಅದೂ ತೋಟಾದ ರಸಾಯನದ ದೋಷದಿಂದ. ನೌಕಾಬಲವು ಕೂಡಲೆ ೭೦೦ ಬಂದೂಕುಗಳಿಗೆ ಬೇಡಿಕೆ ಕಳುಹಿಸಿತು. ಅದೇ ವರ್ಷ ಭೂಸೇನೆಯ ಕ್ಯಾಪ್ಟನ್ ಡೈಯರ್ ಮನ್ರೋ ಕೋಟೆಯಲ್ಲಿ ಇದನ್ನು ಸುಮಾರು ೮೦ ಸಲ ಹಾರಿಸಿ, ತುಂಬಿದ ಬಂದೂಕನ್ನು ನೆಲದ ಮೇಲಿಟ್ಟು ಮರಳಿನಿಂದ ಮುಚ್ಚಿಸಿದನು. ಆಮೇಲೆ ಅದರ ಕೀಲುಗಳ ಭಾಗವನ್ನು ಉಪ್ಪುನೀರಿನಿಂದ ತೋಯಿಸಿ ೨೪ ಗಂಟೆ ಹಾಗೆಯೇ ಬಿಡಿಸಿದನು. ಮಾರನೆಯ ದಿನ ತುಂಬಿ ಹಾರಿಸಿದಾಗ ಬಂದೂಕು ಯಾವ ತೊಡಕೂ ಇಲ್ಲದೆ ಹಾರಿತು. ಹೆನ್ರಿಯ ಪರೀಕ್ಷೆಯಲ್ಲಿ ನಮ್ಮ ನೆನಪಿನಲ್ಲಿ ನಿಲ್ಲುವುದು ಸೆಕೆಂಡುಗಳ ಲೆಕ್ಕ. ಸ್ಪೆನ್ಸರನ ಪರೀಕ್ಷೆಯಲ್ಲಿ ಮರಳು ಮತ್ತು ಉಪ್ಪುನೀರು. ಯುದ್ಧಭೂಮಿಯಲ್ಲಿ ಸಿಪಾಯಿಗೆ ದಿನವೂ ಎದುರಾಗುವುವು ಇವೇ.

ಇಲ್ಲಿ ಜನರಲ್ ಜೇಮ್ಸ್ ರಿಪ್ಲೆಯ ವಿಷಯವಾಗಿ ಎರಡು ಮಾತು ಹೇಳುವುದು ನ್ಯಾಯ. ಆಗ ಸೇನೆಯ ಆಯುಧಶಾಲೆಗಳ ಮುಖ್ಯಾಧಿಕಾರಿಯಾಗಿದ್ದ ಈತನು ಹುಟ್ಟಿದ್ದು ೧೭೯೪ರಲ್ಲಿ. ಹೊಸ ಬಂದೂಕುಗಳಿಗೆ ಅಡ್ಡಿ ಮಾಡಿ ಯುದ್ಧವನ್ನು ಬೆಳೆಯಿಸಿದ ಹಟಮಾರಿ ಮುದುಕನೆಂದು ಚರಿತ್ರಕಾರರು ಅನೇಕರು ಈತನನ್ನು ಹಳಿದಿದ್ದಾರೆ. ೧೮೬೧ರ ಡಿಸೆಂಬರಿನಲ್ಲಿ ಈ ಎರಡು ಬಂದೂಕುಗಳ ಮೇಲೆಯೂ ಈತನು ಬರೆದ ಅಭಿಪ್ರಾಯವನ್ನು ನೋಡಿದರೆ, ಆ ನಿಂದೆಯಲ್ಲಿ ಅರ್ಧ ಮಾತ್ರ ನಿಜವೆಂದು ನಮಗೆ ತೋರುತ್ತದೆ. ಮ್ಯಾಗಜೀನು ತುಂಬಿದರೆ ಬಂದೂಕು ಭಾರವಾಗುತ್ತದೆ. ಅದಕ್ಕೆ ವಿಶೇಷವಾದ ತೋಟಾಗಳೇ ಬೇಕು, ಸಾಮಾನ್ಯ ಮದ್ದುಗುಂಡುಗಳು ಉಪಯೋಗಕ್ಕೆ ಬಾರವು. ಕುದುರೆಯ ಮೇಲೆ ಕುಲುಕಾಡಿದಾಗ ಮ್ಯಾಗಜೀನಿನಲ್ಲಿರುವ ತೋಟಾಗಳ ಗತಿಯೇನು, ಸುರುಳಿ ಕಮಾನಿನ ಒತ್ತಡದಿಂದಾಗುವ ಪರಿಣಾಮವೇನು ಎಂಬುದು ಇನ್ನೂ ಅನುಭವದಿಂದ ತಿಳಿಯಬೇಕಾಗಿದೆ ಎಂದು ಅವನ ವಾದ. ಈ ಪ್ರಶ್ನೆಗಳು ಮೂಢನ ಪ್ರಶ್ನೆಗಳಲ್ಲ. ಮ್ಯಾಗಜೀನಿನ ಬಂದೂಕನ್ನು ಕೊಳ್ಳುವವನು ಕೇಳಲೇಬೇಕಾದ ಪ್ರಶ್ನೆಗಳು. ರಿಪ್ಲೆಯ ತಪ್ಪು ಇದ್ದುದು ಪ್ರಶ್ನೆ ಕೇಳಿ ಸುಮ್ಮನಾದುದರಲ್ಲಿ. ಉತ್ತರವನ್ನು ಪರೀಕ್ಷೆಯಿಂದ ಪಡೆಯಬಹುದಾಗಿದ್ದಿತು. ಸ್ಪೆನ್ಸರನ ಬಂದೂಕಿನ ಮಟ್ಟಿಗೆ ಡಾಲ್‌ಗ್ರೆನ್ ಮತ್ತು ಡೈಯರರು ಆಗಲೇ ಬಹುಭಾಗವನ್ನು ಪಡೆದಿದ್ದರು. ಮೇಲಿನವರ ಆಜ್ಞೆಯಂತೆ ಅದೇ ತಿಂಗಳ ಕೊನೆಯಲ್ಲಿ ಸ್ಪೆನ್ಸರನಿಗೆ ೧೦,೦೦೦ ಬಂದೂಕುಗಳ ಬೇಡಿಕೆ ಹೋಯಿತು. ಆದರೆ ಕಾರಖಾನೆಯನ್ನು ಕಟ್ಟಿ ಮೊದಲ ಬಂದೂಕುಗಳನ್ನು ಒಪ್ಪಿಸುವ ಹೊತ್ತಿಗೆ ೧೮೬೨ ಮುಗಿಯುತ್ತ ಬಂದಿದ್ದಿತು.

ಸರಕಾರವು ತಡಮಾಡಿದರೂ ಸಿಪಾಯಿಗಳು ಕಾಯಲಿಲ್ಲ. ಕರ್ನಲ್ ಜಾನ್ ವೈಲ್ಡರನ ಪಡೆಯವರು ತಲೆಗೆ ೩೫ ಡಾಲರಿನಂತೆ ಸಾಲದ ಪತ್ರಕ್ಕೆ ರುಜು ಹಾಕಿ ಸ್ಪೆನ್ಸರ್ ಬಂದೂಕುಗಳನ್ನು ತರಿಸಿಕೊಂಡರು. ಸಾಮಾನ್ಯ ಸಿಪಾಯಿಯ ಸಂಬಳವು ಆಗ ತಿಂಗಳಿಗೆ ೧೩ ಡಾಲರು. ಕಡೆಗೆ ಸರಕಾರವೇ ಆ ಹಣವನ್ನು ತೆತ್ತಿತೆಂಬುದು ಸಮಾಧಾನದ ಸಂಗತಿ. ೧೮೬೩ರ ಜೂನ್ ೨೪ರಂದು ಟೆನೆಸ್ಸೀ ಪ್ರಾಂತದ ಹೂವರ್ಸ್ ಗ್ಯಾಪ್ ಎಂಬ ಕಣಿವೆಯನ್ನು ಈ ಪಡೆಯು ಮಳೆಯಲ್ಲಿಯೇ ನುಗ್ಗಿ ಹಿಡಿದು, ಹಿಂದಿನ ಕಾಲಾಳುಗಳು ಬಂದು ಸೇರುವವರೆಗೆ ಉಳಿಸಿಕೊಂಡಿತು. ಮಳೆಯಲ್ಲಿ ಕಾಗದದ ತೋಟಾಗಳ ಪಾಡೇನೆಂಬುದನ್ನು ಬಲ್ಲವರಿಗೆ ಈ ಸಂಗತಿಯ ಅರ್ಥವಾಗುವುದು. ಅದೇ ಆಗಸ್ಟಿನಲ್ಲಿ ಅಧ್ಯಕ್ಷ ಲಿಂಕನ್ನನೇ ರಾಜಧಾನಿಯಲ್ಲಿ ಸ್ಪೆನ್ಸರನನ್ನು ಕರೆಯಿಸಿಕೊಂಡು ಬಂದೂಕನ್ನು ಹಾರಿಸಿ ನೋಡಿದನು. ಸೆಪ್ಟೆಂಬರಿನಲ್ಲಿ ರಿಪ್ಲೆಯು ಪದವಿಯನ್ನು ಬಿಟ್ಟನು.

ಹೆನ್ರಿಯ ಬಂದೂಕಿಗೂ ಪ್ರಾಣವನ್ನೊಪ್ಪಿಸಿದವರಿದ್ದರು. ಇಲಿನಾಯ್ ಸಂಸ್ಥಾನದ ಏಳನೆಯ ಕಾಲಾಳು ದಳದವರು ಮೂರು ತಿಂಗಳ ಸಂಬಳಕ್ಕೂ ಮಿಕ್ಕಿದ ಬೆಲೆಯನ್ನು ಸ್ವಂತ ಕೈಯಿಂದ ಕೊಟ್ಟು ಇವನ್ನು ಕೊಂಡಿದ್ದರು. ೧೮೬೪ರ ಅಕ್ಟೋಬರ್ ೫ರಂದು ಜಾರ್ಜಿಯಾದ ಅಲಟೂನ ಕಣಿವೆಯಲ್ಲಿ ಶತ್ರುಗಳು ಮೇಲೆ ಮೇಲೆ ಏರಿ ಬಂದಾಗ ಈ ದಳದ ಗುಂಡಿನ ಮಳೆಯು ಕಾವಲನ್ನು ಉಳಿಸಿತು. ಭಾನುವಾರ ತುಂಬಿ ವಾರವೆಲ್ಲ ಹಾರಿಸುವ ಬಂದೂಕೆಂದು ದಕ್ಷಿಣದವರು ಇದನ್ನು ಕರೆಯುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಮಣ್ಣಿನ ಗೋಡೆಯ ಮರೆಯಲ್ಲಿ ನಿಂತು, ಬಂದೂಕನ್ನು ಒರಸಿ ಜೋಪಾನ ಮಾಡಬಲ್ಲ ಕಾಲಾಳಿನ ಕೈಯಲ್ಲಿ ಹದಿನಾರು ತೋಟಾಗಳು ಹದಿನಾರಾಗಿಯೇ ಉಳಿದುವು. ಕುದುರೆಯ ಮೇಲೆ ಕುಲುಕುತ್ತ, ಕೆಸರಿನಲ್ಲಿಳಿಯುತ್ತ ಹೋಗುವ ಸವಾರನಿಗೆ ಅದೇ ಭರವಸೆಯನ್ನು ಕೊಡುವುದು ಸಾಧ್ಯವಿರಲಿಲ್ಲ. ಯುದ್ಧವು ಮುಗಿಯುವ ಹೊತ್ತಿಗೆ ಸರಕಾರವು ಸ್ಪೆನ್ಸರನ ಗಿಡ್ಡ ಬಂದೂಕುಗಳನ್ನು ಸುಮಾರು ೯೪,೦೦೦ದಷ್ಟೂ ಉದ್ದವಾದವನ್ನು ಸುಮಾರು ೧೨,೦೦೦ದಷ್ಟೂ ಕೊಂಡಿದ್ದಿತು. ಹೆನ್ರಿಯವನ್ನು ೧,೭೩೧ ಮಾತ್ರ. ಇದಕ್ಕೆ ಬೆಲೆ, ಕಾರಖಾನೆಯ ಶಕ್ತಿ, ತೋಟಾದ ಬಲ ಮೊದಲಾದ ಕಾರಣಗಳೂ ಇದ್ದುವು. ಆದರೂ ಮುಚ್ಚಿದ ಮ್ಯಾಗಜೀನಿಗೆ ದೊರೆತ ನಂಬಿಕೆಯು ಅವುಗಳಲ್ಲಿ ಸಣ್ಣದಲ್ಲ.

ಏಳನ್ನು ಎಪ್ಪತ್ತಾಗಿಸುವ ದಾರಿಯೂ ಬೇಗನೆ ಕಂಡುಬಂದಿತು. ಎರಾಸ್ಟಸ್ ಬ್ಲೇಕ್ಸ್‌ಲೀ ಎಂಬ ಸವಾರರ ಅಧಿಕಾರಿಯು ೧೮೬೪ರಲ್ಲಿ ಹೆಗಲಿಗೆ ತೂಗುಹಾಕುವ ಒಂದು ಪೆಟ್ಟಿಗೆಯನ್ನು ರಚಿಸಿದನು. ಅದರಲ್ಲಿ ತಗಡಿನ ಕೊಳವೆಗಳು. ಒಂದೊಂದರಲ್ಲಿಯೂ ಏಳೇಳು ತೋಟಾಗಳು ಮೊದಲೇ ಸಿದ್ಧವಾಗಿರುತ್ತಿದ್ದುವು. ಬಂದೂಕಿನ ಹಿಡಿಯ ಬಾಯನ್ನು ತೆರೆದು ಒಂದು ಕೊಳವೆಯನ್ನು ಬಗ್ಗಿಸಿದರೆ ಏಳೂ ಒಮ್ಮೆಗೇ ಒಳಗೆ ಇಳಿಯುತ್ತಿದ್ದುವು. ಹತ್ತು ಕೊಳವೆಗಳ ಪೆಟ್ಟಿಗೆಯಿದ್ದರೆ ಸವಾರನ ಬಳಿ ಎಪ್ಪತ್ತು ತೋಟಾಗಳಿದ್ದಂತೆ. ಬಂದೂಕಿನೊಳಗೆ ಉದ್ದವಾದ ಕಮಾನನ್ನು ತುರುಕದೆ, ಚಿಕ್ಕದಾದ ಭದ್ರ ಮ್ಯಾಗಜೀನನ್ನು ಬೇಗಬೇಗನೆ ತುಂಬುವ ಈ ಕ್ರಮವು ನಮ್ಮ ಅಭಿಪ್ರಾಯದಲ್ಲಿ ಆ ಕಾಲದ ಅತ್ಯಂತ ಜಾಣತನದ ಉಪಾಯಗಳಲ್ಲೊಂದು.

ಹೆನ್ರಿಯ ದೋಷವನ್ನು ಅವನ ಕಾರಖಾನೆಯವರೇ ತಿದ್ದಿದರು. ಅಲ್ಲಿದ್ದ ನೆಲ್ಸನ್ ಕಿಂಗ್ ಎಂಬುವನು ೧೮೬೬ರಲ್ಲಿ ಬಂದೂಕಿನ ಬಲಮಗ್ಗುಲಿಗೆ ಕಮಾನು ಹಾಕಿದ ಒಂದು ಚಿಕ್ಕ ಬಾಗಿಲನ್ನು ಇರಿಸಿದನು. ತೋಟಾವನ್ನು ಅದರ ಮೇಲೆ ಒತ್ತಿದರೆ ಬಾಗಿಲು ಒಳಕ್ಕೆ ತೆರೆದು ತಾನೇ ಮುಚ್ಚಿಕೊಳ್ಳುವುದು. ಹಿಂದಿನಿಂದಲೇ ತುಂಬುವಂತಾದ ಮೇಲೆ ಕೊಳವೆಗೆ ಸೀಳು ಬೇಕಾಗಲಿಲ್ಲ. ಅದನ್ನು ಪೂರಾ ಮುಚ್ಚಿ, ಕೈ ಹಿಡಿಯುವಲ್ಲಿ ಮರವನ್ನು ಕೂರಿಸಿದರು. ಬಂದೂಕನ್ನು ಗುರಿಯಿಂದ ಇಳಿಸದೆಯೇ ಒಂದೆರಡು ತೋಟಾಗಳನ್ನು ಸೇರಿಸಬಹುದಾಯಿತು. ಹೀಗೆ ದೋಷವು ಹೋಯಿತು; ಸಂಖ್ಯೆಯು ಹದಿನೇಳಾಯಿತು. ೧೮೬೬ರಲ್ಲಿ ವಿಂಚೆಸ್ಟರ್ ಕಂಪೆನಿಯೆಂದು ಹೆಸರನ್ನು ಬದಲಾಯಿಸಿಕೊಂಡ ಸಂಸ್ಥೆಯು ಈ ಬಂದೂಕಿನಿಂದ ಏಳಿಗೆಗೆ ಬಂದಿತು. ಯುದ್ಧ ಮುಗಿದ ಮೇಲೆ ಬೇಡಿಕೆಯಿಲ್ಲದೆ ಸೊರಗಿದ ಸ್ಪೆನ್ಸರನ ಕಂಪೆನಿಯ ಆಸ್ತಿಯು ೧೮೬೯ರಲ್ಲಿ ಅದೇ ವಿಂಚೆಸ್ಟರನ ಕೈಸೇರಿತು. ೧೮೭೭ರಲ್ಲಿ ಪ್ಲೆವ್ನಾ ಪಟ್ಟಣವನ್ನು ಮುತ್ತಿದ ರಷ್ಯನರ ಮೇಲೆ ತುರ್ಕರು ದೂರಕ್ಕೆ ಪೀಬಾಡಿ ಮಾರ್ಟೀನಿ ಬಂದೂಕುಗಳನ್ನೂ, ಶತ್ರುಗಳು ಹತ್ತಿರ ಬಂದಾಗ ಈ ವಿಂಚೆಸ್ಟರ್‌ಗಳನ್ನೂ ಹಾರಿಸಿದುದು ಯೂರೋಪಿನ ಸೇನಾಧಿಪತಿಗಳೆಲ್ಲರ ಗಮನವನ್ನು ಸೆಳೆಯಿತು.

ವಿಚಿತ್ರವೆಂದರೆ ಅಮೆರಿಕದ ಸರಕಾರವೇ ಶಾಂತಿಯು ಬಂದೊಡನೆ ಒಂದೊಂದೇ ತೋಟಾ ಹಾಕುವ ಸ್ಪ್ರಿಂಗ್‌ಫೀಲ್ಡ್ ಬಂದೂಕಿಗೆ ಹಿಂತಿರುಗಿತು. ಅದರ 'ಫಲವನ್ನು' ೧೮೭೬ರ ಜೂನ್ ೨೫ರಂದು ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಕಸ್ಟರನ ಸವಾರರು ಉಂಡರೆಂದು ಹೇಳುವುದುಂಟು. ೧೯೮೩ರಲ್ಲಿ ಆ ಬಯಲಿನ ಹುಲ್ಲು ಬೆಂಕಿಗೆ ಸುಟ್ಟುಹೋದ ಮೇಲೆ, ೧೯೮೪ ಮತ್ತು ೧೯೮೫ರಲ್ಲಿ ಪುರಾತತ್ತ್ವಜ್ಞರು ನೆಲವನ್ನು ಶೋಧಿಸಿ ತೋಟಾಗಳ ಕವಚಗಳನ್ನು ಹೆಕ್ಕಿದರು. ಇಂಡಿಯನ್ ಯೋಧರು ನಿಂತಿದ್ದ ಕಡೆಗಳಲ್ಲಿ ಹೆನ್ರಿ ಮತ್ತು ೧೮೬೬ರ ವಿಂಚೆಸ್ಟರಿನ ಅಂಚಿನ ತೋಟಾಗಳು ದೊರೆತುವು. ಅವುಗಳ ಅಂಚಿನ ಮೇಲೆ ಎದುರುಬದುರಾದ ಎರಡು ಪೆಟ್ಟುಗಳ ಗುರುತು ನೂರು ವರ್ಷಗಳಾದರೂ ಅಳಿಸಿರಲಿಲ್ಲ. ಸವಾರರ ಬಂದೂಕುಗಳಲ್ಲಿ ತಾಮ್ರದ ಕವಚಗಳು ಸಿಕ್ಕಿಕೊಂಡುದೇ ಸೋಲಿಗೆ ಕಾರಣವೆಂಬ ಹಳೆಯ ವದಂತಿಗೆ, ನೆಲದಲ್ಲಿ ದೊರೆತ ಕವಚಗಳು ಹೆಚ್ಚಿನ ಆಧಾರವನ್ನು ಕೊಡಲಿಲ್ಲ. ಹಾಗೆ ಸಿಕ್ಕಿಕೊಂಡ ಗುರುತುಳ್ಳವು ಕೆಲವೇ ಆಗಿದ್ದುವು.

ದೊಡ್ಡ ಬಂದೂಕುಗಳಲ್ಲಿ ಅಂಚಿನ ತೋಟಾದ ಕಾಲವು ಇಷ್ಟರಲ್ಲಿಯೇ ಮುಗಿದಿದ್ದಿತು. ತಳದ ನಡುವೆ ಕೇಪನ್ನಿಟ್ಟು ಗಟ್ಟಿಯಾದ ಹಿತ್ತಾಳೆಯಿಂದ ಮಾಡಿದ ತೋಟಾಗಳು ಬಲವಾದ ಮದ್ದನ್ನು ತಾಳುತ್ತಿದ್ದುದರಿಂದ ಯುದ್ಧಕ್ಕೆ ಅವೇ ನಿಂತುವು. ಆದರೆ ಅಂಚಿನ ತೋಟಾ ಸಾಯಲಿಲ್ಲ. ತನ್ನ ಮೊದಲಿನ ಚಿಕ್ಕ ರೂಪದಲ್ಲಿಯೇ ಉಳಿದುಕೊಂಡಿತು. ೧೮೮೭ರಲ್ಲಿ ಬಂದ ೦.೨೨ ಅಂಗುಲದ ಲಾಂಗ್ ರೈಫಲ್ ತೋಟಾವು ಗುರಿ ಕಲಿಯುವವರಿಗೂ ಸಣ್ಣ ಬೇಟೆಗೂ ಇಂದಿಗೂ ಲೋಕಪ್ರಿಯವಾಗಿದೆ. ನಮ್ಮ ಎನ್.ಸಿ.ಸಿ. ವಿದ್ಯಾರ್ಥಿಗಳು ಗುರಿ ಹಿಡಿಯುವುದನ್ನು ಅಭ್ಯಾಸ ಮಾಡುವುದೂ ಈ ತೋಟಾದ ರೈಫಲಿನಿಂದಲೇ. ತೋಟಾ ಚಿಕ್ಕದೂ ಅಗ್ಗದ್ದೂ ಆದುದರಿಂದ ಹೆಚ್ಚು ಹಿಡಿಸುವ ಮ್ಯಾಗಜೀನು ಬೇಕೆಂಬ ಆಸೆಯೂ ಇದರೊಡನೆಯೇ ಬೆಳೆಯಿತು; ಅಂಚಿನ ತೊಂದರೆಯೂ ಬೆನ್ನುಹತ್ತಿ ಬಂದಿತು.

ತಲೆಯುಳ್ಳ ಮೊಳೆಗಳನ್ನು ಒಂದರ ಮೇಲೊಂದರಂತೆ ಒಟ್ಟಿ ನೋಡಿ. ತಲೆಯ ಕಡೆ ಒಟ್ಟು ಎತ್ತರವಾಗಿ, ತುದಿಯ ಕಡೆ ತಗ್ಗಾಗಿ, ಅದು ಬಾಗುತ್ತದೆ. ಅಂಚಿನ ತೋಟಾಗಳೂ ಹಾಗೆಯೇ; ಆದುದರಿಂದ ಹೆಚ್ಚು ಹಿಡಿಸುವ ಡಬ್ಬಿಯ ಆಕಾರದ ಮ್ಯಾಗಜೀನುಗಳನ್ನು ಬಾಳೆಯ ಕಾಯಿನಂತೆ ಬಾಗಿಸಬೇಕಾಗುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು; ತುಂಬುವಾಗ ಅಜಾಗ್ರತೆಯಿಂದ ಹಿಂದಾದರೆ, ಮೇಲಿನದು ಮುಂದಕ್ಕೆ ಹೊರಡುವಾಗ ಕೆಳಗಿನದಕ್ಕೆ ಕೊಕ್ಕೆಯಂತೆ ಸಿಕ್ಕಿ ಎರಡೂ ನಿಲ್ಲುತ್ತವೆ. ಸೀಸದ ಗುಂಡಿನ ಮೇಣವೂ ಮದ್ದಿನ ಮಸಿಯೂ ಸೇರಿ ಒಳಮೈ ಜಿಗುಟಾಗುತ್ತದೆ. ತೋಟಾಗಳ ಸಂಖ್ಯೆ ಹೆಚ್ಚಿದಷ್ಟೂ ಕಮಾನಿನ ಹಳೆಯ ಕಷ್ಟವು ಮರಳುತ್ತದೆ.

ಇದಕ್ಕೆ ಕಂಡುಹಿಡಿದ ಪರಿಹಾರಗಳನ್ನು ನೋಡಿದರೆ ಹಳೆಯ ಕಥೆಯೇ ಮತ್ತೆ ನಡೆದಂತೆ ತೋರುತ್ತದೆ. ರೆಮಿಂಗ್ಟನ್ ಕಂಪೆನಿಯು ೧೯೫೯ರಲ್ಲಿ ತಂದ ನೈಲಾನ್ ೬೬ ಎಂಬ ರೈಫಲು ೧೪ ತೋಟಾಗಳನ್ನು ಸ್ಪೆನ್ಸರನಂತೆ ಹೆಗಲ ಹಿಡಿಯೊಳಗಿನ ಕೊಳವೆಯಲ್ಲಿಯೇ ಇಟ್ಟಿತು. ಆ ಕಂಪೆನಿಯ ಟಾಮ್ ಫ್ರೈ ಎಂಬುವನು ಅದೇ ವರ್ಷ ಇಂತಹ ರೈಫಲುಗಳಿಂದ, ಗಾಳಿಗೆ ಎಸೆದ ೧,೦೦,೦೧೦ ಮರದ ತುಂಡುಗಳಿಗೆ ಗುರಿಯಿಟ್ಟು ಆರನ್ನು ಮಾತ್ರ ತಪ್ಪಿದನು. ೧೯೬೪ರಲ್ಲಿ ರೂಗರ್ ಕಂಪೆನಿಯ ೧೦/೨೨ ರೈಫಲು ಬಂದಿತು. ಅದರ ಮ್ಯಾಗಜೀನು ಹತ್ತನ್ನು ಮಾತ್ರ ಹಿಡಿಸುತ್ತದೆ. ಒಳಗೆ ಹಲ್ಲುಗಳುಳ್ಳ ಒಂದು ತಿರುಗುಚಕ್ರವಿದ್ದು, ಪ್ರತಿಯೊಂದು ತೋಟಾಗೂ ತನ್ನದೇ ಆದ ಕೋಣೆಯಿದೆ. ಒಂದರ ಅಂಚು ಇನ್ನೊಂದಕ್ಕೆ ತಗಲುವ ಮಾತೇ ಇಲ್ಲ. ಲಕ್ಷಗಟ್ಟಲೆ ಜನರು ಈ ಹತ್ತನ್ನು ನಂಬಿದರು. ಹೊರಗಿನವರು ಅದೇ ರೈಫಲಿಗೆ ಇಪ್ಪತ್ತೈದು, ಮೂವತ್ತು ತೋಟಾಗಳ ಬಾಗಿದ ಮ್ಯಾಗಜೀನುಗಳನ್ನು ಮಾಡಿ ಮಾರಿದರು. ಅವುಗಳಲ್ಲಿ ಚೆನ್ನಾಗಿ ನಡೆದವೂ ಉಂಟು, ಪದೇಪದೇ ಸಿಕ್ಕಿಕೊಂಡವೂ ಉಂಟು. ರೂಗರ್ ಕಂಪೆನಿಯು ತನ್ನದೇ ಇಪ್ಪತ್ತೈದರ ಮ್ಯಾಗಜೀನನ್ನು ಹೊರತಂದುದು ೨೦೧೧ರಲ್ಲಿ. ಎಂದರೆ ರೈಫಲು ಹುಟ್ಟಿದ ನಲವತ್ತೇಳು ವರ್ಷಗಳ ಮೇಲೆ. ಅಮೆರಿಕನ್ ೧೮೦ ಎಂಬ ಬಂದೂಕಿಗೆ ೧೭೭ ತೋಟಾಗಳ ಹರಿವಾಣದಂತಹ ಮ್ಯಾಗಜೀನನ್ನೂ ಕೆಲವರು ರಚಿಸಿದರು. ಅಷ್ಟನ್ನು ಸಾಗಿಸಲು ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಡುವ ಕಮಾನನ್ನೇ ಬೇರೆಯಾಗಿ ಇಡಬೇಕಾಯಿತು.

ಹೆನ್ರಿಯ ಕೀರ್ತಿಗೆ ಇದರಿಂದ ಕುಂದಿಲ್ಲ. ಅವನು ಧೈರ್ಯಮಾಡಿ ಹದಿನಾರನ್ನು ತೋರಿಸಿದ್ದರಿಂದಲೇ ಕಿಂಗನು ಅದನ್ನು ತಿದ್ದುವುದು ಸಾಧ್ಯವಾಯಿತು. ವಿಂಚೆಸ್ಟರ್ ಕಂಪೆನಿಯವರು ಮುಂದೆ ತಯಾರಿಸಿದ ಅಂಚಿನ ತೋಟಾಗಳ ತಳದಲ್ಲಿ ಅವನ ಹೆಸರಿನ ಮೊದಲಕ್ಷರವಾದ ಎಚ್ ಎಂಬುದನ್ನು ಮುದ್ರಿಸುತ್ತ ಬಂದುದು ನ್ಯಾಯವಾದ ಗೌರವವೇ. ಆದರೆ ಸಾಲದ ಪತ್ರಕ್ಕೆ ರುಜು ಹಾಕಿ ಬಂದೂಕು ಕೊಂಡ ಆ ಬಡ ಸಿಪಾಯಿಯ ಸ್ಥಾನದಲ್ಲಿ ನಿಂತು ಯೋಚಿಸಿದರೆ, ಮ್ಯಾಗಜೀನಿನ ಯೋಗ್ಯತೆಯನ್ನು ಅದರಲ್ಲಿ ಹಿಡಿಸುವ ತೋಟಾಗಳಿಂದ ಅಳೆಯದೆ, ಮಳೆಯಲ್ಲಿಯೂ ಕೆಸರಿನಲ್ಲಿಯೂ ಅದರಿಂದ ಹೊರಬಿದ್ದು ಹಾರುವ ತೋಟಾಗಳಿಂದ ಅಳೆಯಬೇಕೆಂಬುದು ಸ್ಪಷ್ಟವಾಗುತ್ತದೆ. ಮರಳಿನಲ್ಲಿ ಹೂತು, ಉಪ್ಪುನೀರಿನಲ್ಲಿ ತೋಯಿಸಿ ನೋಡಿದ ಕ್ಯಾಪ್ಟನ್ ಡೈಯರನ ಹೆಸರು ಬಂದೂಕುಗಳ ಚರಿತ್ರೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹೊಸದನ್ನು ಕಲ್ಪಿಸಿದವರ ಪಕ್ಕದಲ್ಲಿ, ಅದನ್ನು ಪರೀಕ್ಷಿಸಿ ನಂಬಿಕೆಗೆ ತಂದವರಿಗೂ ಒಂದು ಸ್ಥಾನವನ್ನು ಕೊಡುವುದು ಚರಿತ್ರೆಯನ್ನು ಬರೆಯುವವರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.